ಅವಳ ಸಂಬಳದಿಂದಲೇ ಏಕೆ ಕಳೆಯಬೇಕು?

ಏಪ್ರಿಲ್ ತಿಂಗಳ ಮೊದಲ ವಾರ. ಪರೀಕ್ಷೆ ಮುಗಿದು ಮಕ್ಕಳೆಲ್ಲ ಮನೆಗೆ ಹೋಗಿದ್ದರು. ನಾನು ಸ್ಟಾಫ್ ರೂಮಿನಲ್ಲಿ ಅಂಕಪಟ್ಟಿ ಬರೆಯುತ್ತಾ ಕುಳಿತಿದ್ದೆ. ನಮ್ಮ ಶಾಲೆಯ ಕಿರಿಯ ಶಿಕ್ಷಕಿಯೊಬ್ಬಳು ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು. ಅವಳು ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿನಿ. "ಟೀಚರ್, ಜೂನ್‌ನಿಂದ ನಾನು ಬರುವುದಿಲ್ಲ" ಎಂದಳು.

ಏನಾಯಿತು ಎಂದು ಕೇಳಿದೆ. ಅವಳು ಮಾತಾಡಲಿಲ್ಲ. ಬ್ಯಾಗಿನಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. ಅದರಲ್ಲಿ ಲೆಕ್ಕ ಬರೆದಿತ್ತು. ಸಂಬಳ 9,500. ಮಗುವನ್ನು ನೋಡಿಕೊಳ್ಳುವ ನೆರೆಮನೆಯಾಕೆಗೆ 4,000. ಬಸ್ಸು, ಮಳೆಗಾಲದಲ್ಲಿ ಆಟೋ ಸೇರಿ 1,400. ಉಳಿಯುವುದು 4,100. ಹಾಳೆಯ ಕೆಳಗಿನ ಮೊತ್ತಕ್ಕೆ ಎರಡು ಗೆರೆ ಎಳೆದಿತ್ತು. ಕೈಬರಹ ಅವಳದ್ದಲ್ಲ, ಅವಳ ಗಂಡನದ್ದು. "ನಾಲ್ಕು ಸಾವಿರಕ್ಕಾಗಿ ಹನ್ನೊಂದು ತಿಂಗಳ ಮಗುವನ್ನು ಬಿಟ್ಟು ದಿನವಿಡೀ ಹೊರಗಿರಬೇಕಾ ಅಂತ ಕೇಳಿದರು ಟೀಚರ್. ನನಗೆ ಉತ್ತರ ಹೇಳಲಾಗಲಿಲ್ಲ" ಎಂದಳು.

ಆತ ಕೆಟ್ಟವನೇನೂ ಅಲ್ಲ. ಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾನೆ, ಹೆಂಡತಿಯ ಓದಿಗೆ ತಾನೇ ಫೀಸು ಕಟ್ಟಿದವನು. ಅವನ ಲೆಕ್ಕದಲ್ಲಿ ಕೂಡುವ ಕಳೆಯುವ ತಪ್ಪೂ ಇರಲಿಲ್ಲ. ಆದರೂ ಆ ಹಾಳೆಯಲ್ಲಿ ಏನೋ ಸರಿಯಿಲ್ಲ ಎಂದು ನನಗೆ ಅನಿಸಿತು. ಸ್ವಲ್ಪ ಹೊತ್ತು ನೋಡಿದ ಮೇಲೆ ಹೊಳೆಯಿತು. ಮಗು ಇಬ್ಬರದ್ದು. ಅದನ್ನು ನೋಡಿಕೊಳ್ಳುವವರ ಸಂಬಳವನ್ನು ಮಾತ್ರ ಪೂರ್ತಿಯಾಗಿ ಅವಳ ಗಳಿಕೆಯಿಂದ ಕಳೆಯಲಾಗಿದೆ. ಅವನ ಬೈಕಿನ ಪೆಟ್ರೋಲನ್ನು ಅವನ ಸಂಬಳದಿಂದ ಯಾರೂ ಕಳೆದು ನೋಡಿಲ್ಲ. ಅವನದು ಮೊದಲ ಸಂಬಳ, ಅದು ಮನೆಯ ಅಡಿಪಾಯ, ಅದನ್ನು ಪ್ರಶ್ನಿಸುವಂತಿಲ್ಲ. ಅವಳದು ಎರಡನೆಯ ಸಂಬಳ. ಅದು ಮಾತ್ರ ಪ್ರತಿ ತಿಂಗಳೂ ಪರೀಕ್ಷೆ ಬರೆಯಬೇಕು.

ಸಹೋದರಿಯರೇ, ಇದು ನಮ್ಮ ಊರಿನ ಒಬ್ಬ ಗಂಡನ ಲೆಕ್ಕ ಮಾತ್ರ ಅಂದುಕೊಳ್ಳಬೇಡಿ. ಜಗತ್ತಿನ ದೊಡ್ಡ ದೊಡ್ಡ ಸರಕಾರಗಳೂ ಇದೇ ರೀತಿ ಲೆಕ್ಕ ಹಾಕಿವೆ. ಕೆಲವು ಈಗಲೂ ಹಾಕುತ್ತಿವೆ. ಅವುಗಳ ಹಾಳೆಯ ಹೆಸರು ತೆರಿಗೆ ಕಾನೂನು.

ಮದುವೆಯಾದ ಹೆಣ್ಣು ಯಾವಾಗ ದುಡಿಯಲು ಹೊರಡುತ್ತಾಳೆ, ಯಾವಾಗ ಬಿಡುತ್ತಾಳೆ ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರಜ್ಞರು ಗಂಭೀರವಾಗಿ ಕೈಗೆತ್ತಿಕೊಂಡದ್ದು 1960ರ ದಶಕದಲ್ಲಿ. 1962ರಲ್ಲಿ ಅಮೆರಿಕದ ಜೇಕಬ್ ಮಿನ್ಸರ್ ಒಂದು ಸರಳ ಮಾತು ಹೇಳಿದರು. ಗಂಡಸಿನ ವಿಷಯದಲ್ಲಿ ಕೆಲಸ ಮತ್ತು ವಿರಾಮ ಎಂದು ಎರಡೇ ಭಾಗ ಮಾಡಿದರೆ ಸಾಕಾಗಬಹುದು. ಹೆಣ್ಣಿನ ವಿಷಯದಲ್ಲಿ ಮೂರು ಭಾಗ ಬೇಕು: ಸಂಬಳದ ಕೆಲಸ, ಮನೆಯ ಕೆಲಸ, ವಿರಾಮ. (ಮೂರನೆಯದು ಎಲ್ಲಿದೆ ಎಂದು ನೀವು ನಗಬಹುದು.) ಗಂಡನ ಆದಾಯ ಹೆಚ್ಚಿದರೆ ಅವಳು ಮನೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚು. ಅವಳದೇ ಸಂಬಳ ಹೆಚ್ಚಿದರೆ ಹೊರಡುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ಗಂಡಂದಿರ ಆದಾಯ ಏರುತ್ತಲೇ ಇದ್ದರೂ ಹೆಂಡತಿಯರು ಏಕೆ ಹೊರಟರು ಎಂಬ ಒಗಟಿಗೆ ಅವರ ಉತ್ತರ ಇದು: ಹೆಣ್ಣಿನ ಸಂಬಳದ ಸೆಳೆತ ಗಂಡನ ಆದಾಯದ ತಡೆಗಿಂತ ಬಲವಾಗಿತ್ತು.

ಆದರೆ ಸಂಬಳ ಎಂದರೆ ಪತ್ರದಲ್ಲಿ ಬರೆದ ಮೊತ್ತವಲ್ಲ, ಕೈಗೆ ಬರುವ ಮೊತ್ತ. ಎರಡರ ನಡುವೆ ತೆರಿಗೆ ನಿಂತಿದೆ. ಒಂದು ಉದಾಹರಣೆ ನೋಡೋಣ. ಇದು ಯಾವ ದೇಶದ ದರವೂ ಅಲ್ಲ, ಅರ್ಥವಾಗಲೆಂದು ನಾನೇ ಹಾಕಿಕೊಂಡದ್ದು. 3 ಲಕ್ಷದವರೆಗೆ ತೆರಿಗೆ ಇಲ್ಲ. 3ರಿಂದ 6 ಲಕ್ಷದವರೆಗಿನ ಭಾಗಕ್ಕೆ ಶೇ. 10, 6ರಿಂದ 10 ಲಕ್ಷದವರೆಗಿನ ಭಾಗಕ್ಕೆ ಶೇ. 20, ಅದಕ್ಕಿಂತ ಮೇಲೆ ಶೇ. 30. ಗಂಡನ ವಾರ್ಷಿಕ ಆದಾಯ 10 ಲಕ್ಷ, ಹೆಂಡತಿಯದು 3 ಲಕ್ಷ.

ಇಬ್ಬರದೂ ಬೇರೆ ಬೇರೆ ಲೆಕ್ಕವಾದರೆ ಗಂಡ 1,10,000 ಕಟ್ಟುತ್ತಾನೆ, ಹೆಂಡತಿ ಏನೂ ಕಟ್ಟುವುದಿಲ್ಲ. ಈಗ ಅವಳ ಆದಾಯವನ್ನು ಗಂಡನ ಆದಾಯದ ತಲೆಯ ಮೇಲೆ ಇಡಿ. ಒಟ್ಟು 13 ಲಕ್ಷ, ತೆರಿಗೆ 2 ಲಕ್ಷ. ಅಂದರೆ ಅವಳ 3 ಲಕ್ಷದಲ್ಲಿ 90,000 ಹೋಯಿತು. ಏಕೆಂದರೆ ಅವಳ ಮೊದಲ ರೂಪಾಯಿಯೇ ಗಂಡನ ಕೊನೆಯ ರೂಪಾಯಿಯ ಮೇಲೆ ಕುಳಿತಿದೆ.

ಮೂರನೆಯ ವಿಧಾನ ಇನ್ನೂ ಸ್ವಾರಸ್ಯ. ಇಬ್ಬರ ಆದಾಯ ಕೂಡಿಸಿ, ಸಮನಾಗಿ ಎರಡು ಪಾಲು ಮಾಡಿ, ಪ್ರತಿ ಪಾಲಿಗೂ ತೆರಿಗೆ ಹಾಕುವುದು. ಆಗ ತಲಾ ಆರೂವರೆ ಲಕ್ಷ, ಒಟ್ಟು ತೆರಿಗೆ 80,000. ಕುಟುಂಬಕ್ಕೆ 30,000 ಉಳಿಯಿತು, ಒಳ್ಳೆಯದೇ ಅಲ್ಲವೇ? ನಿಲ್ಲಿ. ಅವಳು ಕೆಲಸ ಬಿಟ್ಟು ಮನೆಯಲ್ಲಿ ಕುಳಿತರೆ 10 ಲಕ್ಷ ಎರಡು ಪಾಲಾಗಿ ತಲಾ 5 ಲಕ್ಷ, ತೆರಿಗೆ ಬರೀ 40,000. ಆಕೆ ದುಡಿಯಲು ಹೊರಟ ಕೂಡಲೇ ಮನೆಯ ತೆರಿಗೆ ಇಮ್ಮಡಿಯಾಗುತ್ತದೆ. ಬೇರೆ ಬೇರೆ ಲೆಕ್ಕದಲ್ಲಿ ಅವಳು ಹೊಸ್ತಿಲು ದಾಟಲು ಸರಕಾರಕ್ಕೆ ಕೊಡಬೇಕಿದ್ದದ್ದು ಸೊನ್ನೆ. ಈಗ 40,000. ಕುಟುಂಬಕ್ಕೆ ಮಾಡಿದ ಉಪಕಾರದ ಬೆಲೆಯನ್ನು ತೆರುವವಳು ಅವಳು.

ಎರಡನೆಯ ವಿಧಾನ ಬ್ರಿಟನ್ನಿನಲ್ಲಿ ಬಹುಕಾಲ ನಡೆಯಿತು. ಅಲ್ಲಿ 1990ರ ಏಪ್ರಿಲ್‌ವರೆಗೂ ಕಾನೂನಿನ ಕಣ್ಣಿಗೆ ಹೆಂಡತಿಯ ಆದಾಯ ಗಂಡನ ಆದಾಯವೇ ಆಗಿತ್ತು. ಮದ್ರಸದಲ್ಲಿ ಓದಿದ ನನಗೆ ಇದು ವಿಚಿತ್ರವಾಗಿ ಕಂಡಿತು. ಹೆಣ್ಣಿನ ಮಹರ್, ಅವಳ ಗಳಿಕೆ, ಅವಳ ಪಿತ್ರಾರ್ಜಿತ ಅವಳದ್ದೇ ಎಂದು ನಾವು ಹತ್ತು ವರ್ಷದ ಹುಡುಗಿಯರಿಗೂ ಹೇಳಿಕೊಡುತ್ತೇವೆ. ಹೇಳಿಕೊಟ್ಟದ್ದು ಮನೆಗಳಲ್ಲಿ ಎಷ್ಟು ನಡೆಯುತ್ತದೆ ಎಂಬುದು ಬೇರೆ ಮಾತು.

ಮೂರನೆಯ ವಿಧಾನ ಅಮೆರಿಕದಲ್ಲಿ 1948ರಲ್ಲಿ, ಜರ್ಮನಿಯಲ್ಲಿ 1958ರಲ್ಲಿ ಬಂತು. ಜರ್ಮನಿಯಲ್ಲಿ ಅದು ಇನ್ನೂ ಇದೆ. ಅಲ್ಲಿ ಇನ್ನೊಂದು ತಿರುವೂ ಇದೆ. ಹೆಚ್ಚು ಗಳಿಸುವ ಗಂಡ ಮೂರನೆಯ ತೆರಿಗೆ ವರ್ಗವನ್ನೂ ಕಡಿಮೆ ಗಳಿಸುವ ಹೆಂಡತಿ ಐದನೆಯ ವರ್ಗವನ್ನೂ ಆರಿಸಿಕೊಳ್ಳಬಹುದು. ಆಗ ಇಬ್ಬರಿಗೂ ಸಿಗಬೇಕಾದ ರಿಯಾಯಿತಿಯೆಲ್ಲ ಗಂಡನ ಸಂಬಳದ ಚೀಟಿಯಲ್ಲಿ ಕಾಣಿಸುತ್ತದೆ, ಕಡಿತವೆಲ್ಲ ಹೆಂಡತಿಯ ಚೀಟಿಯಲ್ಲಿ. ತಿಂಗಳ ಕೊನೆಗೆ ಅವಳು ನೋಡುವುದು ಆ ಸಣ್ಣ ಮೊತ್ತವನ್ನೇ. ಹೆರಿಗೆಯ ನಂತರದ ಭತ್ಯೆಯನ್ನು ಲೆಕ್ಕ ಹಾಕುವುದೂ ಕೈಗೆ ಬಂದ ಸಂಬಳದ ಮೇಲೆ. ನನ್ನ ಶಿಷ್ಯೆಯ ಹಾಳೆಗೂ ಈ ಚೀಟಿಗೂ ಏನು ವ್ಯತ್ಯಾಸ?

ಸ್ವೀಡನ್ ಬೇರೆ ದಾರಿ ಹಿಡಿಯಿತು. 1971ರಲ್ಲಿ ಅದು ಗಂಡ ಹೆಂಡತಿಯ ಲೆಕ್ಕವನ್ನು ಬೇರ್ಪಡಿಸಿತು. ಅದೇ ಕಾಲದಲ್ಲಿ ಶಿಶುಪಾಲನಾ ಕೇಂದ್ರಗಳೂ ಹೆಚ್ಚಿದವು, ಆದ್ದರಿಂದ ಎಲ್ಲ ಶ್ರೇಯಸ್ಸನ್ನೂ ತೆರಿಗೆಗೆ ಕೊಡುವಂತಿಲ್ಲ. ಹೋಕನ್ ಸೆಲಿನ್ ಎಂಬ ಸಂಶೋಧಕರು ತೆರಿಗೆಯ ಪಾಲನ್ನೇ ಬೇರೆ ಮಾಡಿ ಅಳೆದರು. 1969ರ ಹಳೆಯ ಕಾನೂನೇ ಮುಂದುವರಿದಿದ್ದರೆ 1975ರಲ್ಲಿ ಕೆಲಸದಲ್ಲಿದ್ದ ವಿವಾಹಿತೆಯರ ಪ್ರಮಾಣ 10 ಶೇಕಡಾ ಅಂಶಗಳಷ್ಟು ಕಡಿಮೆ ಇರುತ್ತಿತ್ತು ಎಂದು ಅವರ ಅಂದಾಜು. ನೂರು ಮಂದಿ ಹೆಂಡತಿಯರಲ್ಲಿ ಹತ್ತು ಮಂದಿ! ಅವರಿಗೆ ಯಾರೂ ಕೆಲಸಕ್ಕೆ ಹೋಗಿ ಎಂದು ಭಾಷಣ ಮಾಡಿರಲಿಲ್ಲ. ಲೆಕ್ಕದ ಕ್ರಮ ಬದಲಾಯಿತು, ಅಷ್ಟೆ.

ನನಗೆ ಎಲ್ಲಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ಜಪಾನಿನ ಕಥೆ. ಅಲ್ಲಿ ಲೆಕ್ಕ ಬೇರೆ ಬೇರೆಯೇ. ಆದರೆ 1961ರಲ್ಲಿ ಹೆಂಡತಿಯನ್ನು ಸಾಕುವ ಗಂಡನಿಗೆ ಒಂದು ರಿಯಾಯಿತಿ ಕೊಟ್ಟರು. ಅವಳ ಆದಾಯ ಒಂದು ಮಿತಿಯೊಳಗೆ ಇರಬೇಕು ಎಂಬುದು ಷರತ್ತು. ಬಹುಕಾಲ ಆ ಮಿತಿ ವರ್ಷಕ್ಕೆ 10 ಲಕ್ಷ 30 ಸಾವಿರ ಯೆನ್ ಆಗಿತ್ತು. ಜಪಾನಿನ ಜನ ಅದನ್ನು 'ಗೋಡೆ' ಎಂದೇ ಕರೆಯುತ್ತಾರೆ. ತೆರಿಗೆಯ ಮಟ್ಟಿಗೆ 1987ರಲ್ಲಿ ಗೋಡೆಯನ್ನು ಇಳಿಜಾರು ಮಾಡಿದರು, ಮಿತಿ ದಾಟಿದರೂ ಒಮ್ಮೆಲೇ ನಷ್ಟವಾಗದಂತೆ. ಆದರೂ ಗೋಡೆ ಬೀಳಲಿಲ್ಲ. ಏಕೆಂದರೆ ಅನೇಕ ಕಂಪೆನಿಗಳು ತಮ್ಮ ನೌಕರರಿಗೆ ಕೊಡುವ 'ಹೆಂಡತಿ ಭತ್ಯೆ'ಗೆ ಅದೇ ಅಂಕಿಯನ್ನು ಮಿತಿಯಾಗಿ ಇಟ್ಟುಕೊಂಡಿದ್ದವು. ಅವಳು ಒಂದು ಯೆನ್ ಹೆಚ್ಚು ಗಳಿಸಿದರೆ ಅವನ ಭತ್ಯೆ ಪೂರ್ತಿ ಹೋಗುತ್ತದೆ.

ಅದರ ಆಚೆ ಇನ್ನೊಂದು ಎತ್ತರದ ಗೋಡೆ, 13 ಲಕ್ಷ ಯೆನ್. 1986ರಿಂದ ನೌಕರರ ಹೆಂಡತಿಯರಿಗೆ ಕಂತು ಕಟ್ಟದೆಯೇ ಪಿಂಚಣಿಯ ಹಕ್ಕು ಸಿಕ್ಕಿತು. ಕೇಳಲು ದೊಡ್ಡ ಉಪಕಾರ. ಆದರೆ ಅವಳ ಗಳಿಕೆ ಆ ಮಿತಿ ಮುಟ್ಟಿದರೆ ಪಿಂಚಣಿಯ ಕಂತನ್ನೂ ಆರೋಗ್ಯ ವಿಮೆಯನ್ನೂ ಅವಳೇ ಕಟ್ಟಬೇಕು. ತಾನೇ ಕಟ್ಟುವ ರಾಷ್ಟ್ರೀಯ ಪಿಂಚಣಿಯ ಕಂತು 2025-26ರಲ್ಲಿ ತಿಂಗಳಿಗೆ 17,510 ಯೆನ್ ಇತ್ತು, ವರ್ಷಕ್ಕೆ 2 ಲಕ್ಷ 10 ಸಾವಿರ ದಾಟುತ್ತದೆ. ಅಂದರೆ 12 ಲಕ್ಷ 90 ಸಾವಿರ ಗಳಿಸಿದವಳು 13 ಲಕ್ಷ 10 ಸಾವಿರ ಗಳಿಸಿದವಳಿಗಿಂತ ಹೆಚ್ಚು ಹಣ ಮನೆಗೆ ತರುತ್ತಾಳೆ!

ಪರಿಣಾಮ ಏನೆಂದರೆ, ನವೆಂಬರ್ ಬಂದ ಕೂಡಲೇ ಜಪಾನಿನ ಸೂಪರ್ ಮಾರ್ಕೆಟು, ಹೋಟೆಲುಗಳಲ್ಲಿ ಅರೆಕಾಲಿಕ ಕೆಲಸದ ಗೃಹಿಣಿಯರು ಗಂಟೆ ಎಣಿಸಲು ತೊಡಗುತ್ತಾರೆ. ವರ್ಷ ಮುಗಿಯುವ ಮೊದಲು ಗೋಡೆಗೆ ತಲೆ ತಾಗದಂತೆ ರಜೆ ಹಾಕುತ್ತಾರೆ. ವರ್ಷಾಂತ್ಯದ ವ್ಯಾಪಾರ ಜೋರಾಗಿರುವ, ಅಂಗಡಿಗೆ ಕೈ ಸಾಲದಾಗುವ ಹೊತ್ತಿಗೇ ಇವರು ಮನೆಯಲ್ಲಿ. ಪ್ರತಿ ಅಕ್ಟೋಬರ್‌ನಲ್ಲಿ ಅಲ್ಲಿ ಕನಿಷ್ಠ ಕೂಲಿ ಏರುತ್ತದೆ. 2015ರಲ್ಲಿ ದೇಶದ ಸರಾಸರಿ ಗಂಟೆಗೆ 798 ಯೆನ್ ಇತ್ತು, 2023ರಲ್ಲಿ 1,004 ಆಯಿತು. ಕೂಲಿ ಹೆಚ್ಚಿದರೆ ಹೆಣ್ಣು ಹೆಚ್ಚು ದುಡಿಯುತ್ತಾಳೆ ಎಂದು ಮಿನ್ಸರ್ ಹೇಳಿದ್ದರಲ್ಲ? ಇಲ್ಲಿ ತಿರುಗಾಮುರುಗಾ ಆಯಿತು. ಹಳೆಯ ಕೂಲಿಯಲ್ಲಿ 10 ಲಕ್ಷ 30 ಸಾವಿರ ತಲುಪಲು ವಾರಕ್ಕೆ ಸುಮಾರು 25 ಗಂಟೆ ದುಡಿಯಬಹುದಿತ್ತು, ಹೊಸ ಕೂಲಿಯಲ್ಲಿ 20 ಗಂಟೆಗೇ ಗೋಡೆ ಎದುರಾಗುತ್ತದೆ. ಕೂಲಿ ಏರಿದಷ್ಟೂ ಅವಳು ಕೆಲಸ ಕಡಿಮೆ ಮಾಡಬೇಕು, ಮೇಲಿನ ಹುದ್ದೆ ಕೊಟ್ಟರೆ ಬೇಡ ಎನ್ನಬೇಕು. ಸರಕಾರ 2025ರಲ್ಲಿ ಆದಾಯ ತೆರಿಗೆ ಶುರುವಾಗುವ ಮಿತಿಯನ್ನು 16 ಲಕ್ಷಕ್ಕೆ ಏರಿಸಿತು. 13 ಲಕ್ಷದ ವಿಮೆಯ ಗೋಡೆಯನ್ನು ಆ ಸುಧಾರಣೆ ಮುಟ್ಟಲಿಲ್ಲ.

ಆ ಗೃಹಿಣಿಯರನ್ನು ಸೋಮಾರಿಗಳೆಂದು ಯಾರಾದರೂ ಹೇಳಿದರೆ ಅದು ಅನ್ಯಾಯ. ಅವರು ಲೆಕ್ಕ ಬಲ್ಲವರು. ಅವರ ಮುಂದೆ ಇಟ್ಟ ಲೆಕ್ಕವೇ ಹಾಗಿದೆ.

ಎಲ್ಲ ಹೆಣ್ಣುಮಕ್ಕಳೂ ಒಂದೇ ರೀತಿ ಲೆಕ್ಕ ಹಾಕುವುದಿಲ್ಲ ಎಂಬುದೂ ನಿಜ. ಅಮೆರಿಕದಲ್ಲಿ 1986ರ ಕಾನೂನು ಅತಿ ಹೆಚ್ಚಿನ ತೆರಿಗೆ ದರವನ್ನು ಶೇ. 50ರಿಂದ 28ಕ್ಕೆ ಇಳಿಸಿದಾಗ ಹೆಚ್ಚು ಕೆಲಸಕ್ಕೆ ಹೊರಟವರಲ್ಲಿ ಬಹಳ ಶ್ರೀಮಂತರ ಹೆಂಡತಿಯರೇ ಮುಂದಿದ್ದರು ಎಂದು ನಾದಾ ಈಸಾ ಎಂಬ ಸಂಶೋಧಕಿ ತೋರಿಸಿದರು. ಆದರೆ ಕಾಲ ಹೋದಂತೆ ಅಲ್ಲಿನ ಹೆಂಗಸರು ಸಂಬಳದ ಏರಿಳಿತಕ್ಕೆ ಅಷ್ಟು ಅಲುಗಾಡದಾದರು. ಫ್ರಾನ್ಸಿನ್ ಬ್ಲಾವ್ ಮತ್ತು ಲಾರೆನ್ಸ್ ಕಾನ್ ಅವರ ಲೆಕ್ಕದ ಪ್ರಕಾರ 1980ರಲ್ಲಿ ವಿವಾಹಿತೆಯ ಸಂಬಳ ಶೇ. 10 ಏರಿದರೆ ದುಡಿಮೆಯ ಗಂಟೆ ಶೇ. 8ರಷ್ಟು ಏರುತ್ತಿತ್ತು. 2000ದ ಹೊತ್ತಿಗೆ ಅದು ಶೇ. 4ಕ್ಕೆ ಇಳಿದಿತ್ತು. ಅಂದರೆ ಕೆಲಸ ಅವರಿಗೆ ಮನೆಯ ಕೊರತೆ ತುಂಬುವ ಎರಡನೆಯ ಸಂಬಳವಾಗಿ ಉಳಿಯದೆ, ಗಂಡಸರಿಗೆ ಇರುವಂತೆ ಬದುಕಿನ ಭಾಗವಾಗುತ್ತಾ ಬಂತು.

ನಮ್ಮ ದೇಶಕ್ಕೆ ಬರೋಣ. ಭಾರತದಲ್ಲಿ ಆದಾಯ ತೆರಿಗೆ ವ್ಯಕ್ತಿಗೆ, ದಂಪತಿಗೆ ಅಲ್ಲ. ಹಿಂದೆ ಮಹಿಳೆಯರಿಗೆ ಸ್ವಲ್ಪ ಹೆಚ್ಚಿನ ವಿನಾಯಿತಿಯೂ ಇತ್ತು. 2010-11ರಲ್ಲಿ ಗಂಡಸರಿಗೆ 1,60,000 ಆದರೆ ಮಹಿಳೆಯರಿಗೆ 1,90,000. 2012-13ರಿಂದ ಆ ವ್ಯತ್ಯಾಸ ಹೋಯಿತು. 2025ರ ಬಜೆಟ್‌ಗೆ ಮುನ್ನ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯು ಬಯಸಿದ ದಂಪತಿಗಳಿಗೆ ಒಟ್ಟಾಗಿ ತೆರಿಗೆ ಸಲ್ಲಿಸಲು ಅವಕಾಶ ಕೊಡಬೇಕೆಂದು ಸಲಹೆ ಮಾಡಿತ್ತು. ಆ ಬಜೆಟ್‌ನಲ್ಲಿ ಅದು ಬರಲಿಲ್ಲ. ಒಬ್ಬರೇ ದುಡಿಯುವ ಮನೆಗೆ ಅದರಿಂದ ಲಾಭ ಎಂಬ ಮಾತು ಸುಳ್ಳಲ್ಲ. ಆದರೆ ಮೇಲಿನ 40,000ದ ಲೆಕ್ಕವನ್ನು ನೆನಪಿಟ್ಟುಕೊಳ್ಳಿ. ಅದು ಮತ್ತೆ ಚರ್ಚೆಗೆ ಬಂದರೆ ನನ್ನ ಮತ ಬೇಡ ಎಂದೇ.

ನಮ್ಮ ಬಹುಪಾಲು ಮನೆಗಳಿಗೆ ಆದಾಯ ತೆರಿಗೆ ದೂರದ ಮಾತು. 2025-26ರಿಂದ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷದವರೆಗೆ ಗಳಿಸುವವರು ತೆರಿಗೆ ಕಟ್ಟಬೇಕಿಲ್ಲ. 9,500ರ ಶಿಕ್ಷಕಿ ಎಲ್ಲಿ, 12 ಲಕ್ಷ ಎಲ್ಲಿ! ಆದರೆ ಅವಳಿಗೂ ಒಂದು ತೆರಿಗೆ ಇದೆ, ರಶೀದಿ ಇಲ್ಲದ ತೆರಿಗೆ. ಮಗುವಿನ ಪಾಲನೆ ಮತ್ತು ಬಸ್ಸು ಸೇರಿ 9,500ರಲ್ಲಿ 5,400. ಶೇ. 57ರಷ್ಟು. ಯಾವ ಕೋಟ್ಯಧಿಪತಿಯೂ ನಮ್ಮ ದೇಶದಲ್ಲಿ ಇಷ್ಟು ಆದಾಯ ತೆರಿಗೆ ಕಟ್ಟುವುದಿಲ್ಲ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆ ಇದರ ಒಂದು ಭಾಗವನ್ನು ಅನೇಕ ಜಿಲ್ಲೆಗಳಲ್ಲಿ ತೆಗೆದುಹಾಕಿತು. ನಮ್ಮ ಕರಾವಳಿಯಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು, ಅವುಗಳಲ್ಲಿ ಟಿಕೆಟ್ ಕೊಳ್ಳಲೇಬೇಕು.

ನನ್ನ ಉಮ್ಮ ಬೀಡಿ ಕಟ್ಟುತ್ತಿದ್ದರು. ಅಷ್ಟು ಕಡಿಮೆ ಕೂಲಿಗೆ ಬೆನ್ನು ಬಾಗಿಸಿ ಏಕೆ ದುಡಿಯುತ್ತಿದ್ದರು ಎಂದು ಚಿಕ್ಕಂದಿನಲ್ಲಿ ನನಗೆ ಅರ್ಥವಾಗುತ್ತಿರಲಿಲ್ಲ. ಈಗ ಅರ್ಥವಾಗುತ್ತದೆ. ಬಸ್ಸಿಲ್ಲ, ಆಯಾ ಇಲ್ಲ, ತೊಟ್ಟಿಲು ಪಕ್ಕದಲ್ಲೇ ಇತ್ತು. ಬ್ರಾಂಚ್‌ನವರು ಕೊಟ್ಟದ್ದು ಪೂರ್ತಿ ಕೈಗೆ ಬರುತ್ತಿತ್ತು. ಕರಾವಳಿಯ ಸಾವಿರಾರು ಹೆಣ್ಣುಮಕ್ಕಳು ಅಂಥ ಕೆಲಸವನ್ನು ಆರಿಸಿದ್ದು ಅದು ಒಳ್ಳೆಯದೆಂದಲ್ಲ, ಅದರಿಂದ ಕಳೆಯಲು ಏನೂ ಇರಲಿಲ್ಲವೆಂದು. ತಂಬಾಕಿನ ಧೂಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಆ ದಿನ ಸ್ಟಾಫ್ ರೂಮಿನಲ್ಲಿ ನಾನು ಹಾಳೆಯನ್ನು ಮಗುಚಿ ಹಿಂಬದಿಯಲ್ಲಿ ಬರೆದೆ. ಮಗುವಿನ ಖರ್ಚನ್ನು ಇಬ್ಬರಿಗೂ ಹಂಚಿದರೆ ಅವಳಿಗೆ ಉಳಿಯುವುದು 6,100. ಇನ್ನು ನಾವು ಮದ್ರಸದಲ್ಲಿ ಓದಿದ ಪ್ರಕಾರ ಹೆಂಡತಿ ಮಕ್ಕಳ ಜೀವನಾಂಶ ಗಂಡನ ಹೊಣೆ, ಹೆಂಡತಿಗೆ ಆದಾಯವಿದ್ದರೂ ಸಹ. ಆ ಲೆಕ್ಕದಲ್ಲಿ 4,000 ಪೂರ್ತಿ ಅವನ ಸಂಬಳದಿಂದ ಹೋಗಬೇಕು, ಅವಳಿಗೆ 8,100 ಉಳಿಯಬೇಕು. ಅವಳು ನಕ್ಕಳು. "ಮನೆಗೆ ಬರುವ ಹಣ ಅಷ್ಟೇ ಅಲ್ಲವಾ ಟೀಚರ್?" ಎಂದಳು. ಹೌದು, ಒಟ್ಟು ಅಷ್ಟೇ. ಆದರೆ ಬಿಡಬೇಕಾದ್ದು ಯಾರ ಕೆಲಸ ಎಂಬ ಪ್ರಶ್ನೆ ಹುಟ್ಟುವುದು ಯಾರ ಸಂಬಳದ ಕೆಳಗೆ ಗೆರೆ ಎಳೆದೆವು ಎಂಬುದರಿಂದ.

ಆ ಹಾಳೆಯಲ್ಲಿ ಇಲ್ಲದ ಇನ್ನೊಂದು ಅಂಕಿಯ ಬಗ್ಗೆಯೂ ಅವಳಿಗೆ ಹೇಳಿದೆ. ನನ್ನ ಮೊದಲ ಮಗ ಹುಟ್ಟಿದಾಗ ನಾನೂ ಇದೇ ಲೆಕ್ಕ ಹಾಕಿ ಶಾಲೆ ಬಿಟ್ಟಿದ್ದೆ. ಐದು ವರ್ಷ ಮನೆಯಲ್ಲಿದ್ದೆ. ಆ ದಿನಗಳ ಬಗ್ಗೆ ನನಗೆ ಬೇಸರವಿಲ್ಲ, ಮಗನ ಮೊದಲ ಸೂರಾ ನನ್ನ ಮಡಿಲಲ್ಲೇ ಕಲಿತದ್ದು. ಆದರೆ ಮರಳಿ ಕೆಲಸ ಕೇಳಿದಾಗ ಆಡಳಿತದವರು ನನ್ನನ್ನು ಹೊಸಬಳೆಂದೇ ಪರಿಗಣಿಸಿದರು. ನನಗಿಂತ ನಂತರ ಸೇರಿದ್ದವರ ಸಂಬಳ ನನಗಿಂತ ಮೇಲಿತ್ತು. ಇಂದಿಗೂ ಆ ಅಂತರ ಮುಚ್ಚಿಲ್ಲ. ಪಿ.ಎಫ್.ನಲ್ಲಿ ಐದು ವರ್ಷದ ಸಾಲು ಖಾಲಿ. 2023ರಲ್ಲಿ ಅರ್ಥಶಾಸ್ತ್ರದ ನೊಬೆಲನ್ನು ಒಬ್ಬರೇ ಪಡೆದ ಮೊದಲ ಮಹಿಳೆ ಕ್ಲಾಡಿಯಾ ಗೋಲ್ಡಿನ್ ಇದನ್ನೇ ದೊಡ್ಡ ಪ್ರಮಾಣದಲ್ಲಿ ತೋರಿಸಿದವರು. ಒಂದೇ ಕೆಲಸದ ಗಂಡು ಹೆಣ್ಣಿನ ಸಂಬಳ ದೂರವಾಗಲು ತೊಡಗುವುದು ಹೆಚ್ಚಾಗಿ ಮೊದಲ ಮಗು ಹುಟ್ಟಿದ ಮೇಲೆ. ಅವಳ ಗಂಡ ನಾಲ್ಕು ಸಾವಿರವನ್ನು ಈ ವರ್ಷದ ನಾಲ್ಕು ಸಾವಿರ ಎಂದು ಬರೆದಿದ್ದ. ಅದರೊಳಗೆ ಮುಂದಿನ ಹತ್ತು ವರ್ಷದ ಸಂಬಳ ಏರಿಕೆಯೂ ಇತ್ತು, ಅದು ಹಾಳೆಯಲ್ಲಿ ಕಾಣುತ್ತಿರಲಿಲ್ಲ.

ಮಗುವಿನೊಂದಿಗೆ ಇರಬೇಕೆಂಬ ಆಸೆ ಅವಳಿಗಿದ್ದರೆ ಅದಕ್ಕೆ ಯಾವ ಲೆಕ್ಕವೂ ಬೇಕಿಲ್ಲ, ನಿನಗೆ ಇಷ್ಟವಿದ್ದರೆ ಬಿಡು ಎಂದೂ ಹೇಳಿದೆ. "ನನಗೆ ಎರಡೂ ಬೇಕು ಟೀಚರ್" ಎಂದಳು.

ಅವಳು ಹಾಳೆಯನ್ನು ಮಡಚಿ, ನಾನು ಬರೆದ ಬದಿ ಮೇಲೆ ಬರುವಂತೆ ಬ್ಯಾಗಿಗೆ ಹಾಕಿಕೊಂಡು ಹೋದಳು. ಎರಡು ವಾರದ ನಂತರ ಫೋನ್ ಮಾಡಿದ್ದಳು. ಗಂಡ ಅರ್ಧ ಪಾಲಿಗೆ ಒಪ್ಪಿದ್ದಾನಂತೆ, ಅತ್ತೆ ಇನ್ನೂ ಮಾತಾಡುತ್ತಿಲ್ಲವಂತೆ. ನೆರೆಮನೆಯಾಕೆ ಜೂನ್‌ನಿಂದ ನಾಲ್ಕೂವರೆ ಸಾವಿರ ಕೇಳುತ್ತಿದ್ದಾಳಂತೆ. ಅವಳಿಗೂ ಮನೆ ಇದೆ, ಮಕ್ಕಳಿದ್ದಾರೆ, ಅವಳ ಲೆಕ್ಕವೂ ಒಂದು ಹಾಳೆಯಲ್ಲಿ ಇರಬಹುದು. ನಮ್ಮ ಆಡಳಿತದವರ ಮುಂದೆ ಎಲ್ಲ ಶಿಕ್ಷಕಿಯರ ಸಂಬಳ ಏರಿಕೆಯ ಅರ್ಜಿ ಇಟ್ಟಿದ್ದೇವೆ. ಉತ್ತರ ಬಂದಿಲ್ಲ. ಎರಡನೇ ತರಗತಿಯ ಹಾಜರಿ ಪುಸ್ತಕದ ಮೇಲೆ ಟೀಚರ್ ಹೆಸರಿನ ಜಾಗವನ್ನು ನಾನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.